ಗುಲಗಂಜಿ ತೂಕ

ನಂಜನಗೂಡಿನ ಸೀಮೆಯವರಿಗೆ ಮೂತ್ರಪಿಂಡದ ಕೆಲಸ ಏನೆಂದು ಹೇಳಿಕೊಡುವುದು ಬಹಳ ಸುಲಭ. ಲೋಕದ ನಂಜನ್ನು ತಾನು ನುಂಗಿ ಲೋಕವನ್ನು ಉಳಿಸಿದವನು ನಂಜುಂಡೇಶ್ವರ. ಮೈಯ ನಂಜನ್ನು ತೆಗೆದುಹಾಕಿ ನಮ್ಮನ್ನು ಉಳಿಸುವುದು ಮೂತ್ರಪಿಂಡ. ದೇವರು ಒಂದು ಸಲ ಮಾಡಿದ ಕೆಲಸವನ್ನು ಇವು ಹಗಲೂ ರಾತ್ರಿ ಮಾಡುತ್ತಲೇ ಇರುತ್ತವೆ. ಆ ತಾಲ್ಲೂಕಿನ ಶಾಲೆಯಲ್ಲಿದ್ದಾಗ ನಾನು ಮಕ್ಕಳಿಗೆ ಹೀಗೆಯೇ ಹೇಳುತ್ತಿದ್ದೆ. ಕನ್ನಡದ ಮೇಷ್ಟ್ರಮ್ಮನಿಗೆ ಇದಕ್ಕಿಂತ ಹೆಚ್ಚಿನ ವಿಜ್ಞಾನ ಯಾಕೆ ಬೇಕು ಹೇಳಿ?

ಆದರೆ ನಮ್ಮ ವಿಜ್ಞಾನದ ಮೇಷ್ಟರು ಬಿಡಬೇಕಲ್ಲ! "ಮೇಡಂ, ನಂಜು ತೆಗೆಯುವುದು ಅರ್ಧ ಕೆಲಸ. ಒಳ್ಳೆಯದನ್ನು ಉಳಿಸಿಕೊಳ್ಳುವುದು ಇನ್ನರ್ಧ" ಎಂದು ತಿದ್ದಿದರು. ದೊಡ್ಡವರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವಂತೆ. ಹೊರಗೆ ಹೋಗುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದ ನೀರು, ಸಕ್ಕರೆ, ಉಪ್ಪು, ಪ್ರೋಟೀನಿನ ತುಣುಕುಗಳು ಎಲ್ಲವೂ ಮತ್ತೆ ರಕ್ತಕ್ಕೇ ಸೇರುತ್ತವೆ. ಬಿಸಿಲಿನಿಂದ ಬಂದ ಡಿ ಜೀವಸತ್ವವನ್ನು ಮೂಳೆಗೆ ಒದಗುವಂತೆ ಹದ ಮಾಡುವುದೂ, ರಕ್ತಕಣ ಹುಟ್ಟಿಸು ಎಂದು ಮೂಳೆಯ ಮಜ್ಜೆಗೆ ಹೇಳಿಕಳಿಸುವುದೂ ಅವೇ. ಹಾಗಾದರೆ ಇದು ನಮ್ಮ ಅಜ್ಜಿಯರು ಮೊರ ಹಿಡಿದು ಮಾಡುತ್ತಿದ್ದ ಕೆಲಸವೇ ಸರಿ ಅನ್ನಿಸಿತು ನನಗೆ. ಕಲ್ಲನ್ನು ಆರಿಸಿ ಬಿಸಾಡಬೇಕು, ಅಕ್ಕಿ ಒಂದು ಕಾಳೂ ಚೆಲ್ಲಬಾರದು. ಮೊರ ಹರಿದರೆ ಎಷ್ಟು ಉಂಡರೂ ಮಗು ಬೆಳೆಯುವುದಿಲ್ಲ.

ಈ ಮಾತು ನನಗೆ ಪಾಠವಾಗಿ ಉಳಿಯದೆ ಮನಸ್ಸಿಗೆ ನಾಟಿದ್ದು ತಿರುಮಕೂಡಲು ನರಸೀಪುರದ ಕಡೆಗೆ ವರ್ಗವಾಗಿ ಬಂದ ಮೇಲೆ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸಾಲಿನಲ್ಲಿ ಯಾವಾಗಲೂ ಮೊದಲನೆಯವನು, ಅಂದರೆ ಎಲ್ಲರಿಗಿಂತ ಕುಳ್ಳ. ಬೆಳಿಗ್ಗೆ ಬಂದಾಗ ಕಣ್ಣಿನ ಕೆಳಗೆ ಊದಿಕೊಂಡಿರುತ್ತಿತ್ತು, ಮಧ್ಯಾಹ್ನಕ್ಕೆ ತೂಕಡಿಸುತ್ತಿದ್ದ. ಅವನ ತಾಯಿ ರಕ್ತ ಪರೀಕ್ಷೆ ಮಾಡಿಸಿ ಚೀಟಿ ತಂದು ನನ್ನ ಕೈಗೆ ಕೊಟ್ಟಳು. "ಏನೂ ಇಲ್ವಂತೆ ಮೇಡಂ. ಎಲ್ಲಾ ಸರಿಯಾಗದೆ ಅಂತ ಬರ್ದವ್ರೆ. ಆದ್ರೂವೆ ಹೈದ ಬೆಳೀತಾನೇ ಇಲ್ಲ" ಎಂದಳು. ಚೀಟಿಯಲ್ಲಿ ಕ್ರಿಯಾಟಿನಿನ್ 0.9 ಎಂದಿತ್ತು. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿಯೊಳಗೇ ಇತ್ತು.

ಒಂದು ಶನಿವಾರ ನಾನೂ ಅವರ ಜೊತೆ ಮೈಸೂರಿಗೆ ಹೋದೆ. ಮಕ್ಕಳ ವೈದ್ಯರು ಚೀಟಿ ನೋಡಿ ಮೊದಲು ಕೇಳಿದ್ದು ಔಷಧಿಯ ವಿಚಾರವಲ್ಲ. "ಹುಡುಗನ ಎತ್ತರ ಎಷ್ಟು?" ಎಂದರು. ತಾಯಿ ನನ್ನ ಮುಖ ನೋಡಿದಳು. ಶಾಲೆಯ ಆರೋಗ್ಯ ಪುಸ್ತಕದಲ್ಲಿ ನಾನೇ ಬರೆದಿದ್ದ ಸಂಖ್ಯೆ ಬಾಯಿಗೆ ಬಂತು: 128 ಸೆಂಟಿಮೀಟರ್. ಅವರು ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದರು. ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. 59 ಬಂತು. ಅದು 90ರ ಮೇಲಿರಬೇಕು.

ನಮಗೆ ಅರ್ಥವಾಗುವಂತೆ ಅವರೇ ಬಿಡಿಸಿ ಹೇಳಿದರು. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಬರುವ ಕಸ. ಮೈತುಂಬಿದ ಗಂಡಸಿನಲ್ಲಿ ಕಸ ಹೆಚ್ಚು ಹುಟ್ಟುತ್ತದೆ, ಬಡಕಲು ಹುಡುಗನಲ್ಲಿ ಕಡಿಮೆ. ದೊಡ್ಡವರಿಗೆ 0.9 ಆರೋಗ್ಯದ ಲಕ್ಷಣ. ಇಷ್ಟು ಸಣ್ಣ ದೇಹದಲ್ಲಿ ಅಷ್ಟೇ ಕಸ ನಿಂತಿದೆ ಎಂದರೆ ಸೋಸುವ ಕೆಲಸ ಹಿಂದೆ ಬಿದ್ದಿದೆ ಎಂದರ್ಥ. ಅಮೆರಿಕದ ಶ್ವಾರ್ಟ್ಜ್ ಎಂಬ ವೈದ್ಯರು 1976ರಲ್ಲಿ ಮಕ್ಕಳ ಎತ್ತರವನ್ನು ಈ ಲೆಕ್ಕಕ್ಕೆ ಸೇರಿಸಿದರು. 2009ರಲ್ಲಿ ಆ ಸೂತ್ರವನ್ನು ತಿದ್ದಿ ಈಗಿನ ರೂಪಕ್ಕೆ ತಂದರು. ಅಷ್ಟಾದರೂ ತೀರಾ ಬಡಕಲು ಮಗುವಿನಲ್ಲಿ ಈ ಲೆಕ್ಕ ಮೂತ್ರಪಿಂಡವನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸಿಬಿಡಬಹುದಂತೆ. ಹಸಿವು ಮಗುವನ್ನು ಸೊರಗಿಸುವುದಲ್ಲದೆ ಕಾಯಿಲೆಯನ್ನೂ ಮುಚ್ಚಿಡುತ್ತದೆ ಎಂದಾಯಿತು.

ವೈದ್ಯರು ಎರಡನೆಯದಾಗಿ ಕೇಳಿದ್ದು ಹುಟ್ಟಿದಾಗಿನ ತೂಕ. ಎಂಟನೇ ತಿಂಗಳಿಗೇ ಹುಟ್ಟಿದ ಮಗು, ಎರಡು ಕೆ.ಜಿ.ಯೂ ಇರಲಿಲ್ಲ ಎಂದಳು ತಾಯಿ. ಹದಿಮೂರು ವರ್ಷದ ಹಿಂದಿನ ತೂಕ ಈಗ ಯಾಕೆ?

ಯಾಕೆಂದರೆ ಮೂತ್ರಪಿಂಡದಲ್ಲಿ ಸೋಸುವ ಸಣ್ಣ ಸಣ್ಣ ಜರಡಿಗಳಿವೆ, ನೆಫ್ರಾನ್ ಎಂದು ಹೆಸರು. ಅವು ತಾಯಿಯ ಗರ್ಭದಲ್ಲಿ ಸುಮಾರು 36 ವಾರ ತುಂಬುವ ಹೊತ್ತಿಗೆ ಎಷ್ಟು ಹುಟ್ಟಬೇಕೋ ಅಷ್ಟು ಹುಟ್ಟಿ ಮುಗಿಯುತ್ತವೆ. ಆಮೇಲೆ ಹೊಸದು ಬರುವುದಿಲ್ಲ. ಒಂದು ಮೂತ್ರಪಿಂಡದಲ್ಲಿ ಸರಾಸರಿ 10 ಲಕ್ಷ ಎನ್ನುತ್ತಾರೆ. ಆದರೆ 2 ಲಕ್ಷ ಇರುವವರೂ ಇದ್ದಾರೆ, 20 ಲಕ್ಷ ದಾಟಿದವರೂ ಇದ್ದಾರೆ. ಹುಟ್ಟುವಾಗಿನ ತೂಕ ಒಂದು ಕೆ.ಜಿ. ಹೆಚ್ಚಾದರೆ ಸುಮಾರು ಎರಡೂವರೆ ಲಕ್ಷ ನೆಫ್ರಾನ್ ಹೆಚ್ಚು ಎಂದು 2003ರಲ್ಲಿ ಎಣಿಸಿ ನೋಡಿದವರು ಬರೆದಿದ್ದಾರೆ. ಕಡಿಮೆ ಜರಡಿ ಹೊತ್ತು ಬಂದ ಮಗುವಿನಲ್ಲಿ ಇದ್ದಷ್ಟೇ ಜರಡಿಗಳು ಮೈಮುರಿದು ದುಡಿದು ಬೇಗ ಸವೆಯುತ್ತವೆ, ರಕ್ತದೊತ್ತಡ ಏರುತ್ತದೆ ಎಂಬ ವಾದವನ್ನು 1988ರಲ್ಲಿ ಮುಂದಿಟ್ಟವರು ಬ್ಯಾರಿ ಬ್ರೆನರ್ ಮತ್ತು ಅವರ ಸಂಗಡಿಗರು.

ಈ ಹುಟ್ಟುತೂಕದ ವಿದ್ಯೆಗೆ ನಮ್ಮ ಮೈಸೂರಿನ ಕಾಣಿಕೆ ದೊಡ್ಡದು. ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಮುಂದೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರ ಜೊತೆ ಸೇರಿ ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕೆ.ಜಿ.ಯನ್ನು ಚೆನ್ನಾಗಿ ದಾಟಿದವರಲ್ಲಿ 3 ಮಂದಿಗೆ. 1996ರಲ್ಲಿ ಇದು ಪ್ರಕಟವಾಯಿತು. ಪುಸ್ತಕದಲ್ಲಿ ಆ ಅಂಕಿ ಬರೆದ ನರ್ಸುಗಳಿಗೆ ಅರುವತ್ತು ವರ್ಷದ ಮೇಲೆ ಯಾರೋ ಇದನ್ನು ಓದುತ್ತಾರೆ ಎಂದು ಗೊತ್ತಿತ್ತೇ? ಸುಮ್ಮನೆ ದಿನದ ಕೆಲಸವೆಂದು ಬರೆದರು, ಅಷ್ಟೆ.

ಕಾಶಿಗಿಂತ ನಮ್ಮ ತ್ರಿವೇಣಿ ಸಂಗಮ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ ನರಸೀಪುರದಲ್ಲಿದೆ. ಅದಕ್ಕೇ ಇಲ್ಲಿಯ ದೇವರು ಗುಂಜಾ ನರಸಿಂಹಸ್ವಾಮಿ. ಹೊಸದಾಗಿ ಬಂದಾಗ ಒಂದು ಗುಲಗಂಜಿ ಯಾವ ಲೆಕ್ಕ ಎಂದು ನಗುತ್ತಿದ್ದೆ. ಈಗ ಕೂಸುಗಳ ತೂಕದ ವಿಚಾರ ಬಂದಾಗ ನಗು ಬರುವುದಿಲ್ಲ.

ತೂಕ ಎಲ್ಲಿಂದ ಬರುತ್ತದೆ? ತಾಯಿಯ ತಟ್ಟೆಯಿಂದ. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಅವರಲ್ಲಿ ನೂರಕ್ಕೆ 43 ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತು. ಹಾಲು, ಮೊಟ್ಟೆ, ಮೀನು, ಮಾಂಸದಿಂದ ಬರಬೇಕಾದ್ದು ಅದು. ಸೊಪ್ಪು ಕಾಳಿನಲ್ಲಿ ಇಲ್ಲ. ಸೊಪ್ಪಿನಲ್ಲಿರುವ ಫೋಲೇಟಿಗೆ ಆ ಬಸುರಿಯರಲ್ಲಿ ಕೊರತೆ ಇದ್ದದ್ದು ಕೆಲವರಿಗೆ ಮಾತ್ರ. ಇವೆರಡೂ ಜೋಡೆತ್ತುಗಳು. ಜೊತೆಗೂಡಿ ಎಳೆದರೆ ಹೋಮೋಸಿಸ್ಟೀನ್ ಎಂಬ ವಸ್ತುವನ್ನು ದೇಹಕ್ಕೆ ಬೇಕಾದ್ದಾಗಿ ಮಾರ್ಪಡಿಸುತ್ತವೆ. ಒಂದು ಎತ್ತು ಕುಸಿದರೆ ಅದು ರಕ್ತದಲ್ಲಿ ನಿಲ್ಲುತ್ತದೆ. ಮೂತ್ರಪಿಂಡ ಸೋತರೂ ನಿಲ್ಲುತ್ತದೆ. ನೇಪಾಳದ ಹಳ್ಳಿಗಳಲ್ಲಿ ಬಸುರಿನಲ್ಲಿ ಫೋಲಿಕ್ ಆಸಿಡ್ ಮಾತ್ರೆ ತಿಂದ ತಾಯಂದಿರ ಮಕ್ಕಳಲ್ಲಿ, 6ರಿಂದ 8 ವರ್ಷವಾದಾಗ, ಮೂತ್ರದಲ್ಲಿ ಪ್ರೋಟೀನ್ ಸೋರುವುದು ಕಡಿಮೆ ಇತ್ತೆಂದು 2009ರಲ್ಲಿ ವರದಿಯಾಯಿತು. ಆದರೆ ಮೈಸೂರಿನಲ್ಲೇ, ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೂ ಹದಿಮೂರೂವರೆ ವರ್ಷಕ್ಕೂ ಇನ್ಸುಲಿನ್ ಸರಿಯಾಗಿ ನಾಟದಿರುವುದು ಹೆಚ್ಚು ಕಂಡಿತು. ಹಾಗೆಂದು ಬಸುರಿಯರು ಮಾತ್ರೆ ಬಿಡಬಾರದು. ಮಾತ್ರೆಯ ಜೊತೆ ತಟ್ಟೆಯೂ ತುಂಬಬೇಕು ಎಂದಷ್ಟೇ ನಾನು ಅರ್ಥ ಮಾಡಿಕೊಂಡದ್ದು.

ನಮ್ಮ ಹುಡುಗನ ಕಥೆ ಏನಾಯಿತು ಎಂದು ನೀವು ಕೇಳಬಹುದು. ಊರಿನಲ್ಲಿ ಸುದ್ದಿ ಹರಡಿದ್ದೇ ತಡ, ಬೇಳೆ ಬಿಡಿಸು, ಮೊಟ್ಟೆ ಬಿಡಿಸು, ಬರೀ ಗಂಜಿ ಕೊಡು ಎಂದು ಬೀದಿಗೊಬ್ಬರು ಹೇಳಿದರು. ವೈದ್ಯರು ಹೇಳಿದ್ದು ಬೇರೆ: "ಬೆಳೆಯುವ ಮಗು, ವಯಸ್ಸಿಗೆ ತಕ್ಕ ಪ್ರೋಟೀನ್ ಸಿಗಲೇಬೇಕು. ಉಪ್ಪು ಕಡಿಮೆ ಮಾಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ. ರಕ್ತದೊತ್ತಡ ನೋಡಿಸುತ್ತಿರಿ." ತಾಯಿ ಯಾರ ಮಾತು ಕೇಳಬೇಕೆಂದು ತಿಂಗಳುಗಟ್ಟಲೆ ನನ್ನ ಬಳಿ ಬಂದು ಹೋದಳು. ಕೊನೆಗೆ ವೈದ್ಯರ ಮಾತೇ ಗೆದ್ದಿತು. ಅವನು ಹತ್ತನೇ ತರಗತಿ ಮುಗಿಸಿದ. ಈಗಲೂ ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗುತ್ತಾನೆ. ಲೆಕ್ಕ ಮೇಲೇರಿಲ್ಲ, ಕೆಳಗೂ ಇಳಿದಿಲ್ಲ.

ಇಂಥವನು ಊರಿಗೊಬ್ಬ ಎಂದುಕೊಳ್ಳಬೇಡಿ. 2016-18ರಲ್ಲಿ ದೇಶದಾದ್ಯಂತ ನಡೆದ ಮಕ್ಕಳ ಪೋಷಣೆ ಸಮೀಕ್ಷೆಯ ರಕ್ತ ಪರೀಕ್ಷೆಗಳನ್ನು ಇದೇ ಎತ್ತರದ ಲೆಕ್ಕದಿಂದ ನೋಡಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಗಿದೆ. 5ರಿಂದ 19 ವರ್ಷದವರಲ್ಲಿ ನೂರಕ್ಕೆ ಸುಮಾರು ಐವರ ಮೂತ್ರಪಿಂಡ ಹಿಂದೆ ಬಿದ್ದಿದೆ. ಹಳ್ಳಿಯವರಲ್ಲಿ, ತಾಯಿ ಓದದ ಮನೆಗಳಲ್ಲಿ, ತೀರಾ ಕುಳ್ಳಾದ ಮಕ್ಕಳಲ್ಲಿ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಹರೆಯದವರ ಪೈಕಿ ನೂರಕ್ಕೆ 31 ಮಂದಿಗೆ ಬಿ12 ಕೊರತೆ. ನಾಳೆ ತಾಯಂದಿರಾಗುವ ಹೆಣ್ಣುಮಕ್ಕಳು ಇವರಲ್ಲಿದ್ದಾರೆ.

ನಮ್ಮ ಸರ್ಕಾರ 2013ರಲ್ಲಿ ಕ್ಷೀರಭಾಗ್ಯದ ಹಾಲು ತಂದಿತು, ಆಮೇಲೆ ಮೊಟ್ಟೆ ಬಂತು, 2024ರಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು. ಅವರಿಗೆ ಬಿ12 ಹಾಲಿನಿಂದಲೇ ಬರಬೇಕು. ಇಷ್ಟೆಲ್ಲ ಬಂದರೂ ನಮ್ಮ ಹುಡುಗಿಯರದು ಒಂದು ಅಭ್ಯಾಸವಿದೆ. ಮೊಟ್ಟೆಯನ್ನು ಮೆಲ್ಲಗೆ ಡಬ್ಬಿಗೆ ಹಾಕಿಕೊಂಡು ಮನೆಯಲ್ಲಿರುವ ತಮ್ಮನಿಗೆ ಒಯ್ಯುತ್ತಾರೆ. ಅವರನ್ನು ಗದರಲು ನನಗೆ ಬಾಯಿ ಬರುವುದಿಲ್ಲ. "ತಮ್ಮನಿಗೆ ಅಂಗನವಾಡಿಯಲ್ಲಿ ಕೊಡುತ್ತಾರೆ ಕಣೇ, ಇದು ನಿಂದು" ಎಂದು ಎದುರಿಗೇ ನಿಲ್ಲುತ್ತೇನೆ. ತಿಂದು ಕೈ ತೊಳೆದು ಬಂದ ಮೇಲೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಯಾವ ವೈದ್ಯರು ಯಾವಾಗ ಕೇಳುತ್ತಾರೋ ಯಾರಿಗೆ ಗೊತ್ತು.