ಎಲೀಯನ ರೊಟ್ಟಿ

ಪ್ರಾರ್ಥನಾ ಕೂಟ ಮುಗಿದು ಚಪ್ಪಲಿ ಹುಡುಕ್ತಿದ್ದೆ. ಪಕ್ಕದಲ್ಲೇ ಒಬ್ಬ ಆಂಟಿ ಒಂದು ಹುಡುಗಿಗೆ, "ನಂಬಿಕೆ ಗಟ್ಟಿ ಇದ್ರೆ ಕೌನ್ಸೆಲರ್ ಹತ್ರ ಯಾಕಮ್ಮ ಹೋಗ್ಬೇಕು?" ಅಂದ್ರು. ಪಾಪ, ಅವಳು ಸುಮ್ಮನೆ ನಕ್ಕಳು.

ಆ ಪ್ರಶ್ನೆಗೆ ಉತ್ತರ ಬೇಕಾದ್ರೆ ಬೈಬಲಿನ ಒಂದನೆಯ ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ಕರ್ಮೆಲ್ ಬೆಟ್ಟದಲ್ಲಿ ಪ್ರಾರ್ಥಿಸಿ ಬೆಂಕಿ ಇಳಿಸಿದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಅಡವಿಗೆ ಓಡಿ, ಗಿಡದ ಕೆಳಗೆ ಕೂತು ಸಾವು ಬೇಡ್ತಾನೆ. ಅವನಿಗೆ ನಂಬಿಕೆ ಕಮ್ಮಿ ಅನ್ನೋಕಾಗುತ್ತಾ? ಬಂದ ದೇವದೂತ ಬುದ್ಧಿ ಹೇಳಲಿಲ್ಲ. ಎಬ್ಬಿಸಿ ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗೋಕೆ ಬಿಟ್ಟ. ಇನ್ನೊಮ್ಮೆ ಎಬ್ಬಿಸಿ ಊಟ. ಆಮೇಲೆ ಹೋರೇಬ್ ಬೆಟ್ಟದಲ್ಲಿ ದೇವರು, ಇಲ್ಲೇನು ಮಾಡ್ತಿದ್ದೀಯ ಅಂತ ಕೇಳಿದ್ದು, ಅದೂ ಎರಡು ಸಲ. ಎಲೀಯ ಎರಡು ಸಲವೂ ಅದೇ ಗೋಳು ಹೇಳ್ತಾನೆ. ಹೇಳಿದ್ದನ್ನೇ ಹೇಳ್ತೀಯಲ್ಲ ಅಂತ ದೇವರು ರೇಗಲಿಲ್ಲ!

ನನ್ನ ಕೌನ್ಸೆಲರ್ ಕೂಡ ಮೊದಲು ಕೇಳಿದ್ದು ನಿದ್ದೆ, ಊಟದ ಬಗ್ಗೆ. ರಾತ್ರಿ ಎದೆ ಡವಡವ ಅಂದಾಗ ಅವರು ಹೇಳಿಕೊಟ್ಟ ಹಾಗೆ ಉಸಿರು ನಿಧಾನಕ್ಕೆ ಬಿಡ್ತೀನಿ, ಆಮೇಲೆ ಕೀರ್ತನೆ ಓದ್ತೀನಿ. (ಕೀರ್ತನೆಗಳಲ್ಲಿ ಎಷ್ಟೊಂದು ಗೋಳಾಟ ಇದೆ, ಗಮನಿಸಿದ್ದೀರಾ?) ಒಂದಕ್ಕೊಂದು ಜಗಳ ಆಡಿದ್ದು ನಾನಂತೂ ಕಾಣೆ. ಫೀಸಿನ ಚಿಂತೆ ಇದ್ದೋರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಸಭೆಯಲ್ಲಿ ಪಾಸ್ಟರ್ ಯಾರಾದ್ರೂ ಈ ರೊಟ್ಟಿ, ನಿದ್ದೆ ಮೇಲೆ ಪ್ರಸಂಗ ಮಾಡಿದ್ದು ಕೇಳಿದ್ದೀರಾ? ನಾನು ಕೇಳಿದ್ದೆಲ್ಲಾ ಬರೀ ಬೆಂಕಿ ಮೇಲೆ.