ಹುಟ್ಟಾ ಕ್ರಿಮಿನಲ್

ಉರ್ವ ಮಾರ್ಕೆಟ್‌ನಲ್ಲಿ ಬೂತಾಯಿ ಮೀನಿಗೆ ಚೌಕಾಸಿ ಮಾಡುತ್ತಿದ್ದಾಗ ಪಕ್ಕದ ಮಾತು ಕಿವಿಗೆ ಬಿತ್ತು. ಯಾವನೋ ಹುಡುಗ, ಮೊದಲ ಕಳವಂತೆ, ಕೊಡಿಯಾಲ್‌ಬೈಲಿನ ಜೈಲಿಗೆ ಹೋಗಿದ್ದಾನೆ. "ಹುಟ್ಟಾ ಕ್ರಿಮಿನಲ್ ಮಾರಾಯ್ರೆ!"

ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಇದನ್ನೇ ಹೇಳಿದ್ದ, ತಲೆಬುರುಡೆ ಅಳೆದು. ಆ ಶಾಸ್ತ್ರ ಎಂದೋ ಬಿದ್ದುಹೋಯಿತು, ಮೀನು ಮಾರ್ಕೆಟ್‌ನಲ್ಲಿ ಮಾತ್ರ ಉಳಿದಿದೆ.

ಜೈಲಿನಲ್ಲಿರುವವರ ಬುರುಡೆ ಬಿಟ್ಟು ಮನಸ್ಸು ನೋಡಿದರೆ ಬೇರೆಯೇ ಕತೆ. ನಿಮ್ಹಾನ್ಸ್‌ನವರು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ 5,000ಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿದ್ದರು. ಚಟಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ ಸುಮಾರು 27 ಮಂದಿಗೆ ಮಾನಸಿಕ ಕಾಯಿಲೆ. (ಕಾಯಿಲೆ ಇದ್ದವರೆಲ್ಲ ಅಪರಾಧಿಗಳಲ್ಲ, ದಯವಿಟ್ಟು ತಿರುಚಬೇಡಿ.)

ಕೈದಿ ಬದಲಾಗಬಲ್ಲನೇ ಎಂದರೆ ನನಗೆ ನೆನಪಾಗುವುದು ರಂಗನಿರ್ದೇಶಕ ಹುಲುಗಪ್ಪ ಕಟ್ಟೀಮನಿ. ಮೈಸೂರು ಜೈಲಿನ ಕೈದಿಗಳಿಂದ 'ಮಾರನಾಯಕ' ನಾಟಕ ಆಡಿಸಿದರು. ಎಚ್.ಎಸ್. ಶಿವಪ್ರಕಾಶರ ಕೈಯಲ್ಲಿ ಕನ್ನಡದವನಾದ ಮ್ಯಾಕ್‌ಬೆತ್! ಕೊಲೆ ಮಾಡಿ ಒಳಗೆ ಬಂದವನು, ಕೊಂದ ಮೇಲೆ ನಿದ್ದೆಗೆಟ್ಟವರ ಕತೆಗೆ ಬಣ್ಣ ಹಚ್ಚುವುದೆಂದರೇನು, ಯೋಚಿಸಿ. ತನ್ನ ಕೃತ್ಯವನ್ನು ಇನ್ನೊಬ್ಬನ ಮೈಯಲ್ಲಿ ನಿಂತು ನೋಡಬೇಕು. ಯಾವ ಉಪದೇಶಕ್ಕೂ ಆ ತಾಕತ್ತಿಲ್ಲ.

ಅಂದಹಾಗೆ, ಆ ಮಾರ್ಕೆಟ್ ಮಾತಿನ ಹುಡುಗನಂತೆ ಮೊದಲ ಸಲ ತಪ್ಪಿದವರನ್ನು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಬಿಡಲು ನಮ್ಮಲ್ಲಿ 1958ರಿಂದಲೇ ಕಾಯ್ದೆಯಿದೆ.