ಒಂದು ಬ್ಯಾಟರಿ ಉಳಿಸಲು ಹೋಗಿ...

"ಸರ, ಇದು ಆರವಲ್ದು!"

ಅಕ್ಕಲಕೋಟೆಯ ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ಒಂಬತ್ತನೇ ಇಯತ್ತೆಯ ಹುಡುಗ ಹೀಗೆಂದಾಗ ನನಗೆ ಸಿಟ್ಟೇ ಬಂತು. ಕತ್ತಲಾದರೆ ಹತ್ತಿ, ಬೆಳಕಾದರೆ ಆರುವ ಬೀದಿದೀಪ ಅವನ ಮಾದರಿ. ಬೆಳಕು ಅಳೆಯಲು ಒಂದು ಎಲ್‌ಡಿಆರ್, ಮಧ್ಯೆ 741 ಎಂಬ ಆಪ್-ಆಂಪ್, ಕೊನೆಗೆ ಟ್ರಾನ್ಸಿಸ್ಟರ್ ಮತ್ತು ಎಲ್‌ಇಡಿ. ಹಿಂದಿನ ದಿನ ನಾಗಣಸೂರಿನಲ್ಲಿ ಚೆನ್ನಾಗೇ ನಡೆದಿತ್ತು. ಇಲ್ಲಿ ಟಾರ್ಚ್ ಹಿಡಿದರೂ ದೀಪ ಉರಿಯುತ್ತಲೇ ಇದೆ. "ಸೋಲ್ಡರಿಂಗ್ ನೆಟ್ಟಗ ಮಾಡಿಲ್ಲ ನೀ" ಅಂತ ಎಲ್ಲರೆದುರು ಗದರಿಸಿಬಿಟ್ಟೆ. ಪಾಪ, ಅವನು ಒಂದು ಮಾತೂ ಆಡಲಿಲ್ಲ. ಸಂಜೆಯವರೆಗೂ ಆ ಉರಿಯುವ ದೀಪದ ಹಿಂದೆ ಸುಮ್ಮನೆ ನಿಂತಿದ್ದ.

ಊರಿಗೆ ಬಂದು ಮಲ್ಟಿಮೀಟರ್ ಹಚ್ಚಿದೆ. ಎಲ್‌ಡಿಆರ್ ಮೇಲೆ ಟಾರ್ಚ್ ಬೆಳಕು ಬಿದ್ದಾಗ 741ರ ಔಟ್‌ಪುಟ್ ಸೊನ್ನೆಗೆ ಬರಬೇಕು ಅಲ್ಲವೇ? ಸುಮಾರು 2 ವೋಲ್ಟ್‌ನಲ್ಲೇ ನಿಂತುಬಿಟ್ಟಿತ್ತು. ಟ್ರಾನ್ಸಿಸ್ಟರ್ ಚಾಲೂ ಆಗಲು 0.7 ವೋಲ್ಟ್ ಸಾಕು. ಅಂದಮೇಲೆ ದೀಪ ಆರುವುದೆಲ್ಲಿಂದ ಬಂತು! ಬೆಸುಗೆಯಲ್ಲಿ ಒಂದೂ ದೋಷವಿರಲಿಲ್ಲ.

ತಪ್ಪು ನನ್ನದು. ಮೂಲ ಚಿತ್ರದಲ್ಲಿ 9 ವೋಲ್ಟಿನ ಎರಡು ಬ್ಯಾಟರಿಗಳಿದ್ದವು, ಅವು ಕೂಡುವಲ್ಲಿನ ತಂತಿಯೇ ಸೊನ್ನೆ. ಆಗ ಔಟ್‌ಪುಟ್ ಸೊನ್ನೆಗಿಂತಲೂ ಕೆಳಗೆ ಇಳಿಯುತ್ತಿತ್ತು, ಟ್ರಾನ್ಸಿಸ್ಟರ್ ಪೂರ್ತಿ ಬಂದ್ ಆಗುತ್ತಿತ್ತು. ಹಿಂದಿನ ರಾತ್ರಿ "ಒಂದರಲ್ಲೇ ಆಗುತ್ತೆ ಬಿಡು" ಅಂತ ಒಂದನ್ನು ತೆಗೆದವನು ನಾನೇ. ಪರೀಕ್ಷೆಯನ್ನೂ ಮಾಡಿದ್ದೆ ನೋಡಿ... ರಾತ್ರಿ ಹೊತ್ತು! ದೀಪ ಹತ್ತಿತು, ಮಲಗಿದೆ. ಆರುತ್ತದೆಯೇ ಅಂತ ನೋಡಲೇ ಇಲ್ಲ.

ಪುಸ್ತಕಗಳಲ್ಲಿ ಆಪ್-ಆಂಪ್ ಅಂದರೆ ಒಂದು ತ್ರಿಕೋನ. ಎಡಕ್ಕೆ ಎರಡು ತಂತಿ, ಬಲಕ್ಕೆ ಒಂದು. ವಿದ್ಯುತ್ ಕೊಡುವ ತಂತಿಗಳನ್ನು ಎಷ್ಟೋ ಕಡೆ ಬರೆಯುವುದೇ ಇಲ್ಲ. ಕೂಡಿಸುವುದು, ಕಳೆಯುವುದು ಮುಂತಾದ ಗಣಿತದ ಕ್ರಿಯೆಗಳನ್ನು ಮಾಡಲು ಹುಟ್ಟಿದ್ದರಿಂದ ಇದಕ್ಕೆ ಆಪರೇಷನಲ್ ಅನ್ನುವ ಹೆಸರು. ಮಕ್ಕಳಿಗೆ ಅದನ್ನೆಲ್ಲ ಹೇಳುತ್ತೇವೆ. ಆದರೆ ತನ್ನ ಬ್ಯಾಟರಿಯ ಎರಡು ತುದಿಗಳ ಆಚೆ ಅದು ಹೋಗಲಾರದು, ಎಷ್ಟೋ ಚಿಪ್‌ಗಳು ಆ ತುದಿಯವರೆಗೂ ಮುಟ್ಟಲಾರವು ಅಂತ ಹೇಳುವುದಿಲ್ಲ. ಫೇರ್‌ಚೈಲ್ಡ್ ಕಂಪನಿಯ ಡೇವ್ ಫುಲ್ಲಗರ್ 741 ಅನ್ನು ರೂಪಿಸಿದ್ದು 1968ರಲ್ಲಿ. ಅದರ ಲೆಕ್ಕವೆಲ್ಲ ಪ್ಲಸ್ 15, ಮೈನಸ್ 15 ವೋಲ್ಟಿನದು. ನಮ್ಮ ಒಂಟಿ 9 ವೋಲ್ಟಿನ ಡಬ್ಬಿ ಅದಕ್ಕೆ ಇಕ್ಕಟ್ಟಿನ ಮನೆ.

ಒಂದೇ ಬ್ಯಾಟರಿಗೆ ಎಲ್‌ಎಂ358 ವಾಸಿ. ಅದರ ಔಟ್‌ಪುಟ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮೇಲೆ ಮಾತ್ರ ಸುಮಾರು ಒಂದೂವರೆ ವೋಲ್ಟ್ ಬಿಟ್ಟುಕೊಳ್ಳುತ್ತದೆ, 9 ಕೊಟ್ಟರೆ ಏಳೂವರೆ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಎರಡಕ್ಕೂ ಎಂಟೇ ಕಾಲು ಅಂತ 741ರ ಸಾಕೆಟ್‌ನಲ್ಲಿ ಹಾಗೇ ಸಿಕ್ಕಿಸಬೇಡಿ. 741ಕ್ಕೆ ಪ್ಲಸ್ ಬರುವುದು 7ನೇ ಕಾಲಿಗೆ, 358ಕ್ಕೆ 8ನೇ ಕಾಲಿಗೆ. 358ರ 7ನೇ ಕಾಲು ಒಂದು ಔಟ್‌ಪುಟ್! ಅದರೊಳಗೆ ಎರಡು ಆಂಪ್‌ಗಳಿರುತ್ತವೆ. ಬಳಸದ ಎರಡನೆಯದರ ಔಟ್‌ಪುಟ್ಟನ್ನು ಅದರ ಮೈನಸ್ ಇನ್‌ಪುಟ್ಟಿಗೆ ಕೂಡಿಸಿ, ಪ್ಲಸ್ ಇನ್‌ಪುಟ್ಟನ್ನು ಗ್ರೌಂಡಿಗೆ ಕಟ್ಟಿ. ಚಿಪ್ಪಿನ ಪಕ್ಕದಲ್ಲೇ ಪ್ಲಸ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಹೊಸ ಬೋರ್ಡನ್ನು ಆ ಹುಡುಗನೇ ಕಟ್ಟಿದ. ಈ ಸಲ ಆರಿತು. ಆದರೆ ಮುಸ್ಸಂಜೆಗೆ ಪಟಪಟ ಮಿನುಗಲು ಶುರು. ಕಾರಣ ಅವನೇ ಹುಡುಕಿದ: ದೀಪದ ಬೆಳಕು ಎಲ್‌ಡಿಆರ್ ಮೇಲೇ ಬೀಳುತ್ತಿತ್ತು. ಹಳೆಯ ಸ್ಕೆಚ್ ಪೆನ್ನಿನ ಕೊಳವೆಗೆ ಕಪ್ಪು ಕಾಗದ ಸುತ್ತಿ ಅದರೊಳಗೆ ಎಲ್‌ಡಿಆರ್ ಇಟ್ಟೆವು. ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ನಾನು ಮನೆಯ ನೀರಿನ ಟಾಕಿಯ ಉದಾಹರಣೆ ಕೊಟ್ಟೆ. ಮೋಟರ್ ಚಾಲೂ ಆಗುವ ಗುರುತು, ಬಂದ್ ಆಗುವ ಗುರುತು ಎರಡೂ ಒಂದೇ ಆದರೆ ಏನಾಗುತ್ತೆ? "ಮೋಟರ್ ಸುಟ್ಟ ಹೋಗತದ ಸರ!" ಅದಕ್ಕೇ ಮೇಲೊಂದು, ಕೆಳಗೊಂದು ಗುರುತು ಬೇಕು. ಇಲ್ಲೂ ಹಾಗೇ: ಹೋಲಿಕೆಯ ವೋಲ್ಟೇಜನ್ನು 10 ಕಿಲೋ ಓಮ್ ಮೂಲಕ ಪ್ಲಸ್ ಇನ್‌ಪುಟ್ಟಿಗೆ ಕೊಟ್ಟು, ಔಟ್‌ಪುಟ್ಟಿನಿಂದ ಅದೇ ಕಾಲಿಗೆ 470 ಕಿಲೋ ಓಮ್ ಹಾಕಿದೆವು. ಹತ್ತುವ ಮಟ್ಟಕ್ಕೂ ಆರುವ ಮಟ್ಟಕ್ಕೂ ಸುಮಾರು 0.15 ವೋಲ್ಟ್ ಅಂತರ ಬಿತ್ತು. ಮಿನುಗು ನಿಂತಿತು.

ಮರುದಿನ ಪ್ರಾರ್ಥನೆಯ ನಂತರ ಇಡೀ ವರ್ಗದ ಮುಂದೆ "ಬೆಸುಗೆ ಸರಿ ಇತ್ತು, ಬ್ಯಾಟರಿ ತೆಗೆದದ್ದು ನಾನು" ಎಂದು ಹೇಳಿದೆ. ಗದರಿಸಿದ್ದು ಎಲ್ಲರೆದುರು, ಹಾಗಾಗಿ ಇದೂ ಎಲ್ಲರೆದುರೇ ಆಗಬೇಕಿತ್ತು. ಹುಡುಗ ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರ ಆ ಎರಡನೇ ಬ್ಯಾಟರಿ ಎಲ್ಲಿ ಹೋತು ಸರ?" ಎಂದ.

ನನ್ನ ಮಲ್ಟಿಮೀಟರಿನಲ್ಲಿತ್ತು.